ಹತ್ತು ಜನ ತಿರುಗಿ ನೋಡುವ ಹೆಸರು

ಅಪ್ಪನಿಗೆ ನಮಸ್ಕಾರ.

ಅಕ್ಕನ ಮಗುವಿಗೆ ನನ್ನ ಹೆಸರನ್ನೇ ಇಡುತ್ತೀರೆಂದು ತಿಳಿಯಿತು. ದಯವಿಟ್ಟು ಬೇಡ.

ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವಾಗ ಒಂದು ಕರಪತ್ರದಲ್ಲಿ ನಿಮಗೆ ಸಿಕ್ಕ ಹೆಸರದು, ದೂರದ ಯಾವನೋ ಗಣಿ ಕಾರ್ಮಿಕನದು. ಊರಲ್ಲಿ ಇನ್ಯಾರಿಗೂ ಇಲ್ಲವೆಂದು ನೀವು ಬೀಗುತ್ತಿದ್ದಿರಿ. ನಾನೂ ಬೀಗಿದೆ.

ಹೋದ ತಿಂಗಳು ಗಿರಣಿಯಲ್ಲಿ ದುಡಿಮೆಯ ಗಂಟೆ ಹೆಚ್ಚಿಸಿದರು. ಅದು ಅನ್ಯಾಯವೆಂದು ಬರೆದು ನಾವು ನಾಲ್ವರು ಬಾಗಿಲಿಗೆ ಅಂಟಿಸಿದೆವು, ಕೆಳಗೆ ಹೆಸರನ್ನೂ ಹಾಕಿದೆವು. ಉಳಿದ ಮೂವರ ಹೆಸರಿನವರು ಪ್ರತಿ ಪಾಳಿಯಲ್ಲೂ ಐದಾರು ಮಂದಿ. ಯಾರೆಂದು ಪತ್ತೆಯಾಗಲಿಲ್ಲ. ಮೇಸ್ತ್ರಿ ನೇರವಾಗಿ ನನ್ನ ಬಳಿ ಬಂದ.

"ಬಾರಪ್ಪಾ, ಊರಿಗೊಬ್ಬನೇ! ನಮಗೆ ಹುಡುಕೋ ಕಷ್ಟಾನೇ ಕೊಡ್ಲಿಲ್ಲ ನೋಡು," ಎಂದು ನಕ್ಕ.

ಆ ಮೂವರು ಯಾರೆಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ನನ್ನನ್ನು ಕೆಲಸದಿಂದ ತೆಗೆದರು. ಈಗ ಯಾವ ಗಿರಣಿಯಲ್ಲಿ ಹೆಸರು ಹೇಳಿದರೂ ಬಾಗಿಲು ಮುಚ್ಚುತ್ತಾರೆ.

ನಿಮ್ಮ ಮೇಲೆ ಕೋಪವಿಲ್ಲ ಅಪ್ಪಾ. ಆದರೆ ನಾಳೆ ಆ ಮಗುವೂ ಇಂಥದಕ್ಕೆ ಸಹಿ ಹಾಕಬೇಕಲ್ಲ? ಬೀದಿಯಲ್ಲಿ ಕೂಗಿದರೆ ಹತ್ತು ಜನ ತಿರುಗಿ ನೋಡುವಂಥ ಹೆಸರಿಡಿ.

ನನ್ನ ಕಂಬಳಿ ಕಳಿಸಿ. ಕಟ್ಟಿನ ಮೇಲೆ ಈ ಹೊಸ ಬಾಡಿಗೆಮನೆಯ ವಿಳಾಸ, ಕೋಣೆಯ ಸಂಖ್ಯೆ ಮಾತ್ರ ಬರೆಯಿರಿ. ಮನೆಯೊಡತಿ ಇನ್ನೂ ನನ್ನ ಹೆಸರು ಕೇಳಿಲ್ಲ.

ಇಂತಿ,
ನಿಮ್ಮ ಮಗ