ಹರಿದ ದನಿಯ ಒಂಬತ್ತು ಹಾಡು

ಮನೆಯಿಂದ,
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮೊಣಕಾಲು ನೋವು ಹೇಗಿದೆ? ಹಡಗು ಓಲಾಡಿದಾಗ ಕುದಿಯುವ ನೀರು ಚೆಲ್ಲಿ ಮಣಿಕಟ್ಟು ಸುಟ್ಟುಕೊಂಡಿದ್ದೆಯಲ್ಲ, ಅದು ಮಾಗಿತೇ? ಮುಲಾಮು ಹಚ್ಚಿಕೊ ಅಂದರೆ ಹಚ್ಚಿಕೊಳ್ಳುವ ಆಸಾಮಿ ನೀನಲ್ಲ ಅಂತ ಗೊತ್ತು. ಹಡಗಿನವರೆಲ್ಲರ ಹೊಟ್ಟೆ ನೋಡಿಕೊಳ್ಳುವ ಅಡುಗೆಯವನು ತಾನು ಮಾತ್ರ ಒಲೆಯ ಪಕ್ಕ ನಿಂತೇ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ ಎಂದು ಅಮ್ಮ ಇಲ್ಲಿ ಕೂತು ಬೈಯುತ್ತಿರುತ್ತಾಳೆ. ಅವಳು ಚೆನ್ನಾಗಿದ್ದಾಳೆ. ಲಾಂಡ್ರಿಗೆ ಹೊಸ ಇಸ್ತ್ರಿ ಯಂತ್ರ ಬಂದಿದೆ. ಹಳೆಯದಕ್ಕಿಂತ ಇದರ ಆರ್ಭಟವೇ ಜಾಸ್ತಿ, ಆದರೆ ಆಸ್ಪತ್ರೆಯ ಹಾಸಿಗೆ ಬಟ್ಟೆಗಳು ಸುಕ್ಕಿಲ್ಲದೆ ಹೊರಗೆ ಬರುತ್ತವೆ, ಅಮ್ಮನ ಬೆನ್ನಿಗೂ ಸ್ವಲ್ಪ ಪುರುಸೊತ್ತು ಸಿಕ್ಕಿದೆ.

ಫೋನು ಬಿಟ್ಟು ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ನಡುನೀರಿನಲ್ಲಿ ನಿನಗೆ ಸಿಗ್ನಲ್ ಸಿಗುವುದಿಲ್ಲ. ಬಂದರಿಗೆ ಬಂದ ಮೇಲೆ ನೀನು ಫೋನು ಮಾಡಿದರೆ ನಾನು ಮಾತಾಡುವಂತಿಲ್ಲ, ಗಂಟಲಿನ ಡಾಕ್ಟರು ಬಾಯಿಗೆ ಬೀಗ ಹಾಕಿದ್ದಾರೆ. ಇಂಥ ಸುದ್ದಿಯನ್ನು ಮೊಬೈಲಿನಲ್ಲಿ ನಾಲ್ಕು ಸಾಲು ಕುಟ್ಟಿ ಕಳಿಸಬಾರದು, ನಿಮ್ಮಪ್ಪ ಕೂತು ಓದಬೇಕು ಎಂದು ಅಮ್ಮ ಹಟ ಹಿಡಿದಳು. ಆದ್ದರಿಂದ ಕೂತುಕೊ. ಒಲೆ ಆರಿಸಿ ಕೂತುಕೊ.

ನನ್ನ ಗಂಟಲಿನಲ್ಲಿ ಗಂಟು ಇದೆ ಅಪ್ಪಾ. ಚೂರು ತೆಗೆದು ಪರೀಕ್ಷೆ ಮಾಡಿದ್ದಾರೆ, ಒಳ್ಳೆಯ ಗಂಟಲ್ಲ. ಸೋಮವಾರ ಆಪರೇಷನ್. ನೀನು ಇದನ್ನು ಓದುವ ಹೊತ್ತಿಗೆ ಅದು ಮುಗಿದೂ ಹೋಗಿರುತ್ತದೆ. ಜೀವಕ್ಕೆ ಭಯವಿಲ್ಲ, ಇದನ್ನು ಡಾಕ್ಟರು ಮೂರು ಸಲ ಹೇಳಿದರು, ಅಮ್ಮ ನಾಲ್ಕನೇ ಸಲ ಹೇಳಿಸಿಕೊಂಡಳು. ಆದರೆ ಗಂಟಿನ ಜೊತೆ ದನಿಯ ತಂತುಗಳನ್ನೂ ತೆಗೆಯಬೇಕಂತೆ. ಆಮೇಲೆ ಪಿಸುಮಾತಿನ ಹಾಗೆ ಏನೋ ಒಂದು ಉಳಿಯಬಹುದು. ಹಾಡುವುದು ಇಲ್ಲ. ಕೂಗುವುದೂ ಇಲ್ಲ.

ಚೂರು ತೆಗೆದಾಗಿನಿಂದಲೇ ದನಿ ಹೊರಡುತ್ತಿಲ್ಲ, ನಾನು ಮಾತಾಡುವುದೆಲ್ಲ ಲಾಂಡ್ರಿಯ ಬಟ್ಟೆಗೆ ಕಟ್ಟುವ ಚೀಟಿಗಳ ಮೇಲೆ. ಅಮ್ಮ ಒಂದು ಕಟ್ಟು ತಂದುಕೊಟ್ಟಿದ್ದಾಳೆ. ಜಗಳವೂ ಅದರ ಮೇಲೆಯೇ. ನಾನು ಕೋಪದಿಂದ ಬರೆದು ಮುಖಕ್ಕೆ ಹಿಡಿದರೆ ಅಮ್ಮ ಸಾವಕಾಶ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾಳೆ, ಅಲ್ಲಿಗೆ ಜಗಳ ಮುಗಿಯಿತು. ‘ಈ ಮನೇಲಿ ಕೊನೆ ಮಾತು ನಂದೇ ಆಗಿದ್ದು ಇದೇ ಮೊದಲು’ ಅಂತ ನಗಿಸುತ್ತಾಳೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತಾಳೆ. ನೀರಿನ ಸದ್ದಿಗೆ ಅಳು ಕೇಳಿಸುವುದಿಲ್ಲ ಅಂದುಕೊಂಡಿದ್ದಾಳೆ. ದನಿ ಹೋಗಿದೆ ಕಣೇ ಅಮ್ಮಾ, ಕಿವಿ ಹೋಗಿಲ್ಲ ಎಂದು ಬರೆಯಲು ನನಗೆ ಮನಸ್ಸು ಬರಲಿಲ್ಲ.

ಇದು ಹೇಗಾಯಿತು ಅಂತ ನೀನು ಕೇಳೇ ಕೇಳುತ್ತೀಯ. ನಮ್ಮ ಬ್ಯಾಂಡಿನ ಆಲ್ಬಮ್ ರೆಕಾರ್ಡ್ ಮಾಡಿದ ದಿನ ನನ್ನ ದನಿ ಒಡೆದಿತ್ತು. ಶೀತ ಅಂದುಕೊಂಡೆ. ಸ್ಟುಡಿಯೋದವನು ಒಳ್ಳೆಯವನು. ‘ಗಂಟಲು ಕೂತಿದೆ, ಮುಂದಿನ ವಾರ ಬನ್ನಿ, ಒಂದೊಂದೇ ಹಾಡು ಮಾಡೋಣ’ ಅಂದ. ನಮಗೆ ಅವಮಾನವಾಯಿತು. ಒಂದೊಂದೇ ಹಾಡನ್ನು ತಿದ್ದಿ ತೀಡಿ ಒರೆಸಿಡುವವರು ಪಂಕ್ ಅನ್ನುವ ಈ ಒರಟು ಕಿರುಚು ಹಾಡು ಯಾಕೆ ಹಾಡಬೇಕು? ಒಂದೇ ಕೋಣೆ, ಒಂದೇ ಮಧ್ಯಾಹ್ನ, ತಪ್ಪಾದರೆ ತಪ್ಪು ಎಂದು ಲಾಂಡ್ರಿಯ ನೆಲಮಾಳಿಗೆಯಲ್ಲಿ ಅಭ್ಯಾಸ ಮಾಡುವಾಗಲೇ ನಾವು ಮೂವರೂ ತೀರ್ಮಾನ ಮಾಡಿದ್ದೆವು. ಗಿಟಾರಿನ ಕಡ್ಡಿ ನಿನಗೆ ಗೊತ್ತಲ್ಲ, ಊಟ ಹಾಕಿದಷ್ಟೂ ತೆಳ್ಳಗಾಗುತ್ತಾನೆ ಎಂದು ನೀನೇ ಆ ಹೆಸರಿಟ್ಟಿದ್ದು. ಡ್ರಮ್ ಬಡಿಯುವ ಡಬ್ಬಿ ಅವನ ತಂಗಿ. ನಾನು ಮೊದಲ ಹಾಡು ಮುಗಿಸಿದಾಗ ಕಡ್ಡಿ ಗಿಟಾರು ಕೆಳಗಿಟ್ಟು ಓಡಿ ಬಂದ. ‘ಇದೇ ಕಣೇ! ಈ ದನಿ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?’ ಎಂದ. ಒಂಬತ್ತು ಹಾಡನ್ನೂ ಆ ದನಿಯಲ್ಲೇ ಕಿರುಚಿದೆ. ಕೊನೆಯದು ‘ಬಾಗಿಲು ಹಾಕ್ರೋ’, ಅಮ್ಮ ಲಾಂಡ್ರಿಯಲ್ಲಿ ದಿನವಿಡೀ ಕೂಗುವ ಮಾತು. ಅದರ ಕೊನೆಗೆ ನನ್ನ ದನಿ ಎರಡಾಗಿ ಸೀಳಿತು. ಆಲ್ಬಮ್ಮಿಗೂ ಆ ಹಾಡಿನ ಹೆಸರನ್ನೇ ಇಟ್ಟೆವು.

ಆಲ್ಬಮ್ ಹೊರಬಂದ ಮೇಲೆ ಮೊದಲು ಬಂದದ್ದು ಬೈಗುಳ. ಒಬ್ಬ ವಿಮರ್ಶಕ ‘ಪಾತ್ರೆ ಅಂಗಡಿಯ ಕಪಾಟು ಉರುಳಿದ ಸದ್ದು’ ಎಂದು ಬರೆದ. ಡಬ್ಬಿ ಅದನ್ನು ಕತ್ತರಿಸಿ ಡ್ರಮ್ಮಿನ ಮೇಲೆ ಅಂಟಿಸಿಕೊಂಡು ಮೆರೆದಳು. ಆಮೇಲೆ ರೇಡಿಯೋದ ಒಬ್ಬಾಕೆ ‘ಬಾಗಿಲು ಹಾಕ್ರೋ’ವನ್ನು ಎರಡು ಸಲ ಹಾಕಿದಳು. ಅಲ್ಲಿಂದ ನಮ್ಮ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪತ್ರಿಕೆಗಳವರು ಹಾಡಿನ ಬಗ್ಗೆ ಬರೆದದ್ದಕ್ಕಿಂತ ನನ್ನ ಗಂಟಲಿನ ಬಗ್ಗೆ ಬರೆದದ್ದೇ ಹೆಚ್ಚು. ‘ಹರಿದ ದನಿ’ ಎಂದು ಒಬ್ಬರು ಬರೆದರು, ಎಲ್ಲರೂ ಅದನ್ನೇ ಹಿಡಿದುಕೊಂಡರು. ಕಲಿಸಿ ಬರುವ ದನಿಯಲ್ಲ, ಬದುಕು ಕೊಟ್ಟ ದನಿ ಎಂದರು. ಲಾಂಡ್ರಿಯ ಯಂತ್ರಗಳ ಸದ್ದನ್ನು ಮೀರಿಸಿ ಕೂಗಿ ಕೂಗಿ ಬೆಳೆದವಳು ಎಂದು ಅಮ್ಮನ ಫೋಟೋ ಕೂಡ ಹಾಕಿದರು. ಅಮ್ಮ ಆ ಪುಟವನ್ನು ಇಸ್ತ್ರಿ ಮಾಡಿ ಎತ್ತಿಟ್ಟಿದ್ದಾಳೆ, ನಿಜವಾಗಿಯೂ ಇಸ್ತ್ರಿ ಮಾಡಿ.

ನೀನೂ ಆಗ ಯಾವುದೋ ಬಂದರಿನಲ್ಲಿ ಕೇಳಿದೆ. ಎಂಜಿನ್ ಕೋಣೆಯವರಿಗೆಲ್ಲ ಹಿಡಿಸಿತು, ಅವರ ಕೆಲಸದ ಸದ್ದಿಗೆ ಸರಿಹೊಂದುತ್ತದಂತೆ ಎಂದು ಫೋನು ಮಾಡಿ ಹೇಳಿ ನಗಿಸಿದೆ. ಆಮೇಲೆ ದನಿ ತಗ್ಗಿಸಿ ‘ಮಗಳೇ, ಶೀತ ಆಗಿತ್ತಾ?’ ಎಂದು ಕೇಳಿದೆ. ನಾನು ಅದನ್ನು ಹೋಗಿ ಕಡ್ಡಿ, ಡಬ್ಬಿಗೆ ಹೇಳಿದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು ಅಪ್ಪಾ. ಊರೆಲ್ಲ ಹೊಗಳುತ್ತಿದ್ದಾಗ ನನ್ನಪ್ಪನ ವಿಮರ್ಶೆ ನೋಡ್ರೋ ಎಂದು ತಿಂಗಳುಗಟ್ಟಲೆ ಅದೇ ನಮ್ಮ ತಮಾಷೆಯಾಗಿತ್ತು. ಅಷ್ಟು ಜನರಲ್ಲಿ ಸರಿಯಾಗಿ ಕೇಳಿಸಿಕೊಂಡವನು ನೀನೊಬ್ಬನೇ.

ಶೀತ ಹೋಗಲಿಲ್ಲ. ಕೆಲವು ದಿನ ಮಾತ್ರ ದನಿ ತಾನಾಗಿಯೇ ತಿಳಿಯಾಗುತ್ತಿತ್ತು. ಅಂಥ ದಿನ ಸಂತೋಷಪಡಬೇಕಾದವಳು ನಾನು ಹೆದರುತ್ತಿದ್ದೆ. ಜನ ಹಣ ಕೊಟ್ಟು ಬಂದಿರುವುದು ಆಲ್ಬಮ್ಮಿನ ದನಿ ಕೇಳುವುದಕ್ಕೆ, ತಿಳಿ ದನಿಯಲ್ಲಿ ಹಾಡಿದರೆ ಮೂಗು ಮುರಿಯುತ್ತಾರೆ ಎಂದು ಭಯ. ವೇದಿಕೆ ಹತ್ತುವ ಮುಂಚೆ ಲಾಂಡ್ರಿಗೆ ಹೋಗಿ, ತೊಳೆಯಲು ಬಂದ ದಿಂಬುಗಳ ರಾಶಿಗೆ ಮುಖ ಒತ್ತಿ, ದನಿ ಒಡೆಯುವ ತನಕ ಕಿರುಚುತ್ತಿದ್ದೆ. ಅಮ್ಮ ಅದನ್ನು ಅಭ್ಯಾಸ ಅಂದುಕೊಂಡಿದ್ದಳು. ಒಂದು ದಿನ ಉಗುಳಿನಲ್ಲಿ ರಕ್ತ ಬಂತು. ಆಗ ಡಬ್ಬಿ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು ಆಸ್ಪತ್ರೆಗೆ.

ಕಿರುಚಿದ್ದಕ್ಕೇ ಹೀಗಾಯಿತಾ ಎಂದು ನಾನು ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕೊಟ್ಟೆ. ಅವರು ಇಲ್ಲ ಎಂದು ತಲೆಯಾಡಿಸಿದರು. ಕಿರುಚಾಟ ಅದನ್ನು ತರಲಿಲ್ಲ, ಆದರೆ ಮುಚ್ಚಿಟ್ಟಿತು ಎಂದರು. ರೆಕಾರ್ಡ್ ಮಾಡಿದ ದಿನವೇ ಅದು ಅಲ್ಲಿತ್ತಂತೆ. ‘ಇಷ್ಟು ದಿನ ದನಿ ಒಡೆದಿದ್ದರೂ ಯಾರೂ ಏನೂ ಅನ್ನಲಿಲ್ವಾ?’ ಎಂದು ಕೇಳಿದರು. ಏನೂ ಅನ್ನದೆ ಇರುತ್ತಾರೆಯೇ? ಚಪ್ಪಾಳೆ ತಟ್ಟಿದರು. ಬೇರೆ ಯಾರದ್ದಾದರೂ ಗಂಟಲು ಹೀಗಾಗಿದ್ದರೆ ಅಕ್ಕಪಕ್ಕದವರು ಒಂದು ವಾರದಲ್ಲಿ ಆಸ್ಪತ್ರೆಗೆ ಅಟ್ಟುತ್ತಿದ್ದರು. ನನ್ನ ರೋಗಕ್ಕೆ ಹಾರ ಹಾಕಿದರು, ನಾನೂ ಕತ್ತು ಬಗ್ಗಿಸಿ ಹಾಕಿಸಿಕೊಂಡೆ. ಯಾರನ್ನು ಬೈಯಲಿ ಹೇಳು? ಅವರಿಗೇನು ಗೊತ್ತಿತ್ತು? ಆದರೂ ರೇಡಿಯೋದಲ್ಲಿ ಈಗ ಆ ಹಾಡು ಬಂದರೆ ನನಗೆ ನನ್ನ ದನಿ ಕೇಳಿಸುವುದಿಲ್ಲ, ಗಂಟೇ ಹಾಡುತ್ತಿದೆ ಅನ್ನಿಸುತ್ತದೆ. ಅಮ್ಮ ಓಡಿ ಬಂದು ಆರಿಸುತ್ತಾಳೆ.

ಇನ್ನೊಂದು ಸುದ್ದಿ. ದೊಡ್ಡ ಸಭಾಂಗಣವೊಂದರಲ್ಲಿ ನಮಗೆ ಕಾರ್ಯಕ್ರಮ ಸಿಕ್ಕಿತ್ತು. ನಾನೇ ಕಡ್ಡಿಗೆ ಬೇರೆಯವಳನ್ನು ಹುಡುಕು ಎಂದು ಬರೆದುಕೊಟ್ಟೆ. ಅವನು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ, ಆಮೇಲೆ ಹುಡುಕಿದ. ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿ, ಕೈಯೆಲ್ಲ ಹಿಟ್ಟು ಮೆತ್ತಿಕೊಂಡೇ ಬರುತ್ತಾಳೆ. ನಿನ್ನೆ ಸಂಜೆ ಲಾಂಡ್ರಿಯ ಮೆಟ್ಟಿಲ ಮೇಲೆ ಕೂತು ಕೇಳಿದೆ. ತುಂಬಿದ ದನಿ ಅಪ್ಪಾ, ಒಂದು ಬಿರುಕಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಅವಳು ಮುಗಿಸಿದ ಮೇಲೆ ಕಡ್ಡಿ ಮೆತ್ತಗೆ ‘ಚೆನ್ನಾಗಿದೆ, ಆದ್ರೆ ಸ್ವಲ್ಪ ಹರಿದ ಹಾಗೆ ಹಾಡ್ತೀಯಾ? ಆಲ್ಬಮ್‌ನಲ್ಲಿರೋ ಹಾಗೆ?’ ಎಂದ. ಅವನು ಕೆಟ್ಟವನಲ್ಲ, ಬಾಯಿತಪ್ಪಿ ಬಂದ ಮಾತು. ಆ ಹುಡುಗಿ ಸರಿ ಎಂದು ಗಂಟಲು ಬಿಗಿಹಿಡಿದು ಶುರು ಮಾಡಿಯೇಬಿಟ್ಟಳು. ನಿಲ್ಲಿಸು ಎಂದು ಕೂಗಲು ಬಾಯಿ ತೆರೆದೆ, ಬರೀ ಗಾಳಿ ಬಂತು. ಇಳಿದುಹೋಗಿ ಗೋಡೆಯಿಂದ ಮೈಕಿನ ವೈರು ಕಿತ್ತುಹಾಕಿದೆ. ಚೀಟಿ ಜೇಬಿನಲ್ಲಿರಲಿಲ್ಲ. ಆ ಹುಡುಗಿಯ ಗಂಟಲ ಮೇಲೆ ಕೈಯಿಟ್ಟು, ಬೇಡ ಎಂದು ತಲೆಯಾಡಿಸಿದೆ, ಅಷ್ಟೇ. ಕಡ್ಡಿ ನೆಲದ ಮೇಲೆ ಕೂತು ಅತ್ತುಬಿಟ್ಟ. ಡಬ್ಬಿ ಡ್ರಮ್ಮಿನ ಮೇಲೆ ಅಂಟಿಸಿದ್ದ ಪತ್ರಿಕೆಯ ತುಂಡುಗಳನ್ನೆಲ್ಲ ಉಗುರಿನಿಂದ ಕೆರೆದು ಕಿತ್ತಳು. ಇನ್ನು ಮುಂದೆ ಆ ಬೇಕರಿ ಹುಡುಗಿ ತನ್ನ ದನಿಯಲ್ಲೇ ಹಾಡುತ್ತಾಳೆ. ಯಾರಾದರೂ ಮೂಗು ಮುರಿದರೆ ಮುರಿಯಲಿ.

ನೀನು ಹಡಗು ಬಿಟ್ಟು ಓಡಿ ಬರಬೇಡ. ಅವಸರ ಮಾಡಿದರೆ ಬೇಗ ತಲುಪುವುದಕ್ಕೆ ಅದೇನು ಬಸ್ಸೇ? ನನಗೆ ಭಯವಿದೆ, ಇಲ್ಲ ಅನ್ನುವುದಿಲ್ಲ. ಕೂಗಿ ಅಳುವುದಕ್ಕೂ ಆಗದೆ ಎದೆ ಭಾರವಾಗಿದೆ. ನೀನು ಬಂದಾಗ ಬಾಗಿಲಲ್ಲಿ ನಿಂತು ಅಪ್ಪಾ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುವವಳು ಇರುವುದಿಲ್ಲ. ಓಡಿ ಬಂದು ಡಿಕ್ಕಿ ಹೊಡೆಯುವವಳು ಮಾತ್ರ ಇರುತ್ತಾಳೆ, ಚೀಲ ಗಟ್ಟಿಯಾಗಿ ಹಿಡಿದುಕೊ.

ಅಮ್ಮ ಮುಲಾಮಿನ ವಿಷಯ ಮತ್ತೊಮ್ಮೆ ಬರೆ ಎಂದು ಬೆನ್ನ ಹಿಂದೆ ನಿಂತಿದ್ದಾಳೆ. ಬರೆದಿದ್ದೇನೆ. ಎಂಜಿನ್ ಕೋಣೆಯವರಿಗೆಲ್ಲ ನನ್ನ ನಮಸ್ಕಾರ. ನಿನಗೆ, ಆ ಸುಟ್ಟ ಮಣಿಕಟ್ಟಿಗೆ, ಒಂದು ಮುತ್ತು.

ಇಂತು ನಿನ್ನ
ಬಾಯಿಬಡಕಿ

ಮರೆತಿದ್ದೆ, ಲಕೋಟೆ ಅಂಟಿಸುವ ಮುಂಚೆ ಬೇಗ ಬರೆಯುತ್ತಿದ್ದೇನೆ: ಫೋನಿನಲ್ಲಿ ಜಾಗ ಸಾಲದು ಅಂತ ಬಂದರು ಸಿಕ್ಕಾಗಲೆಲ್ಲ ನೀನು ಎಲ್ಲವನ್ನೂ ಅಳಿಸಿಹಾಕುತ್ತೀಯಲ್ಲ, ಈ ಸಲ ಏನನ್ನೂ ಅಳಿಸಬೇಡ. ನಾನು ಕಳಿಸುತ್ತಿದ್ದ ಧ್ವನಿ ಸಂದೇಶಗಳು ಅದರಲ್ಲಿವೆ. ಬೆಳಿಗ್ಗೆ ಅಮ್ಮ ತನ್ನ ಫೋನನ್ನೆಲ್ಲ ತಡಕಾಡಿದಳು, ಒಂದೂ ಸಿಗಲಿಲ್ಲ. ಒಂದೇ ಮನೆಯಲ್ಲಿರುವವರು ಯಾಕೆ ಅದನ್ನೆಲ್ಲ ಕಳಿಸಿಕೊಳ್ಳುತ್ತಾರೆ? ಆಲ್ಬಮ್ಮಿನಲ್ಲಿ ಕಿರುಚಿದ್ದೇ ಇದೆ, ಸುಮ್ಮನೆ ಮಾತಾಡಿದ್ದು ಎಲ್ಲೂ ಇಲ್ಲ. ‘ಅಪ್ಪಾ, ಊಟ ಆಯ್ತಾ’ ಎಂದು ಕೇಳಿದ್ದು ಒಂದಾದರೂ ಉಳಿದಿದ್ದರೆ ಅಮ್ಮನಿಗೆ ಕಳಿಸು.