ಎನಿಡ್‌ಗೆ ಬಂದ ಹೆಚ್ಚಿನ ಹತ್ತೊಂಬತ್ತು

೧೪ ನವೆಂಬರ್ ೧೯೫೩, ಶನಿವಾರ. ಬಾರ್ನ್ಸ್ಲಿ.

ಬುದ್ಧಿಪರೀಕ್ಷೆಯಲ್ಲಿ ಎನಿಡ್‌ಗೆ ನೂರಿಪ್ಪತ್ತೆಂಟು, ನನಗೆ ನೂರೊಂಬತ್ತು. ಬೆಳಗಿನಿಂದ ಇದೊಂದೇ ಕೊರೆಯುತ್ತಿದೆ.

ಒಂದೇ ಮುಖದ ಅವಳಿಗಳು ನಾವು. ಅಮ್ಮ ಸತ್ತಾಗ ಅವಳನ್ನು ಲೀಡ್ಸ್‌ನ ಮೇಷ್ಟ್ರು ಚಿಕ್ಕಪ್ಪ ಒಯ್ದರು. ನಾನು ಗಣಿಯವರ ಸಾಲುಮನೆಯಲ್ಲಿ ಅಜ್ಜಿಯ ಹತ್ತಿರ ಉಳಿದೆ. ಬುದ್ಧಿ ಹುಟ್ಟಿನಿಂದಲೋ ಬೆಳೆಸಿದ್ದರಿಂದಲೋ ಎಂದು ಅಳೆಯಲು ಲಂಡನ್ನಿನಿಂದ ಬಂದ ಸಂಶೋಧಕರಿಗೆ ನಾವು ಹಬ್ಬದೂಟ.

ಪರೀಕ್ಷೆಯ ಒಂದು ಚಿತ್ರದಲ್ಲಿ ಟೀ ಮೇಜು. ಏನು ಕಾಣೆಯಾಗಿದೆ, ಬರೆಯಿರಿ ಎಂದಿತ್ತು. ಬ್ರೆಡ್ ಎಂದು ಬರೆದೆ. ಸರಿಯುತ್ತರ, ಕಪ್ಪಿನ ಕೆಳಗಿನ ಬಸಿ. ನಮ್ಮ ಬೀದಿಯಲ್ಲಿ ಬಸಿ ಹೊರಬರುವುದು ಪಾದ್ರಿ ಬಂದಾಗ ಮಾತ್ರ.

ಹೊರಗೆ ಬರುವಾಗ ಎನಿಡ್ ನನ್ನ ಕೈ ಹಿಡಿದು, "ನಿಂಗೂ ನಮ್ಮನೆ ಸಿಕ್ಕಿದ್ರೆ ಅಷ್ಟೇ ಬರ್ತಿತ್ತು ಬಿಡೇ" ಎಂದಳು. ಅದು ನನ್ನದೇ ವಾದ. ಅವಳ ಬಾಯಲ್ಲಿ ಕೇಳಿ ಮೈ ಉರಿಯಿತು.

ಗಣಿ ಕಾರ್ಮಿಕರ ಸಂಘದ ವಾಚನಾಲಯದಲ್ಲಿ, ನನ್ನ ಜೊತೆ ಕರಪತ್ರ ಹಂಚುವ ಆರ್ನಲ್ಡ್ ಕುಣಿದಾಡಿದ. "ಗೆದ್ದೆ ಕಣೇ ಹಿಲ್ಡಾ! ಒಂದೇ ರಕ್ತ, ಹತ್ತೊಂಬತ್ತು ಅಂಕ ಫರಕು! ಬುದ್ಧಿ ರಕ್ತದಲ್ಲಿಲ್ಲ ಅಂತ ನೀನೇ ಅಲ್ವೇನೇ ಬಡ್ಕೊಳ್ತಿದ್ದದ್ದು? ನಾಳೆ ಸಭೇಲಿ ಓದಿಬಿಡು."

"ಕಮ್ಮಿ ಬಂದಿರೋದು ನಂಗೇ ಅಂತ ಓದ್ಲಾ?"

"ಅದೇ ಪುರಾವೆ ಕಣೇ!"

ಹೌದು, ನಮ್ಮ ಕರಪತ್ರಗಳು ಹೇಳಿದ್ದೇ ನಿಜವಾಯಿತು. ಹನ್ನೊಂದನೇ ವಯಸ್ಸಿಗೇ ಮಕ್ಕಳನ್ನು ಸೋಸಿ ಬಿಸಾಡುವ ಪರೀಕ್ಷೆ ತೊಲಗಬೇಕಾದರೆ ಇಂಥ ಅಂಕಿಗಳೇ ಬೇಕು. ಆದರೂ ಈ ಹೊತ್ತು ನ್ಯಾಯ ಸಿಕ್ಕರೂ ಬೇಡ ಅನ್ನಿಸುತ್ತಿದೆ. ಆ ಹತ್ತೊಂಬತ್ತು ಬೇಕು.

ನಾಳೆ ಓದುತ್ತೇನೆ. ನನ್ನ ಅಂಕವನ್ನೇ ಮೊದಲು, ಗಟ್ಟಿಯಾಗಿ. ಎನಿಡ್‌ಳನ್ನೂ ಆರ್ನಲ್ಡ್ ಕರೆದಿದ್ದಾನಂತೆ. ಅವಳು ಮುಂದಿನ ಸಾಲಿನಲ್ಲಿ ಕೂತು, ನನ್ನ ಮುಖವನ್ನೇ ಹೊತ್ತುಕೊಂಡು, ನನಗಾಗಿ ಚಪ್ಪಾಳೆ ತಟ್ಟಿದಳೋ, ಆ ಕೈಗಳನ್ನು ನಾನು ಎಂದಿಗೂ ಕ್ಷಮಿಸಲಾರೆ.