ಹೊಸಕೋಟೆ ಟವರಿನ ದಾರಿ

ಸಕಲೇಶಪುರ
೧೯ ಫೆಬ್ರವರಿ ೨೦೦೬

ಪ್ರೀತಿಯ ಗೆಳತಿ ರಶ್ಮಿತಾ,

ನೀನೂ ಮಗುವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾಮಕರಣಕ್ಕೆ ಬರಲಿಲ್ಲ, ಒಂದು ಫೋನೂ ಇಲ್ಲ ಎಂದು ಕೋಪ ಮಾಡಿಕೊಂಡಿರುತ್ತೀಯ. ಇದು ಫೋನಿನಲ್ಲಿ ಹೇಳುವ ವಿಷಯವಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಧರ್ಮನ ವಿಷಯ ಹಿಂದೆ ಒಮ್ಮೆ ಬರೆದಿದ್ದೆ. ಇಬ್ಬರೂ ನೆಟ್‌ವರ್ಕ್ ಎಂಜಿನಿಯರ್‌ಗಳೇ. ಗುಡ್ಡದ ಟವರ್‌ಗಳಿಂದ ಎಸ್ಟೇಟ್ ಕಚೇರಿಗಳಿಗೆ ಇಂಟರ್ನೆಟ್ ಕೊಡುವುದು ನಮ್ಮ ಕಂಪನಿಯ ಕೆಲಸ. ನಾನು ಇಲ್ಲಿ ಆಫೀಸಿನಲ್ಲಿ ಸ್ಕ್ರೀನ್ ನೋಡುತ್ತಿದ್ದೆ, ಅವನು ಟವರ್ ಹತ್ತುತ್ತಿದ್ದ.

ಕಳೆದ ತಿಂಗಳು ಕೆ. ಹೊಸಕೋಟೆ ಕಡೆಯ ಟವರಿನ ಲಿಂಕ್ ಕಡಿದುಹೋಯಿತು. ಆಗಲೇ ಸಂಜೆಯಾಗುತ್ತಿತ್ತು. ಮ್ಯಾನೇಜರ್ ನನ್ನೆದುರೇ ಧರ್ಮನಿಗೆ ಫೋನ್ ಮಾಡಿ, "ಇವತ್ತೇ ಸರಿಯಾಗ್ಬೇಕು, ಕಾರಣ ಹೇಳ್ಬೇಡ" ಎಂದರು. ಟವರ್ ಕಾಯುವ ಗಿಡ್ಡಯ್ಯ ಗುಡ್ಡದ ಬುಡದಲ್ಲೇ ತಡೆದನಂತೆ. "ಆನೆ ತೋಟಕ್ಕೆ ಇಳ್ದೈತೆ ಕಣ್ರೀ. ಬೆಳಿಗ್ಗೆ ಹೋಗಾನ." ಧರ್ಮ, "ಬೇಗ ಮುಗಿಸ್ಬುಡ್ತೀನಿ ಮಾರಾಯ" ಎಂದು ಅವನನ್ನೂ ಕರೆದುಕೊಂಡೇ ಹತ್ತಿದನಂತೆ.

ಮೇಲಿನಿಂದ ನನಗೆ ಫೋನ್ ಮಾಡಿದ. ಕೇಬಲಿನ ತುದಿ ತುಕ್ಕು ಹಿಡಿದಿತ್ತು. ಬದಲಾಯಿಸಿ, "ಈಗ ನೋಡು" ಎಂದ. ನಾನು ಕಳಿಸುತ್ತಿದ್ದ ಸಂಕೇತಕ್ಕೆ ಸ್ಕ್ರೀನಿನಲ್ಲಿ ಟವರ್‌ನಿಂದ ಉತ್ತರ ಬರತೊಡಗಿತು. "ಬಂತು. ಬೇಗ ಇಳಿ" ಎಂದೆ. "ರಸ್ತೆಗೆ ಬಂದು ಫೋನ್ ಮಾಡ್ತೀನಿ" ಎಂದ. ಮಾಡಲಿಲ್ಲ. ನಾನೇ ಮತ್ತೆ ಮತ್ತೆ ಮಾಡಿದೆ. ಅವನ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಟವರ್ ಮಾತ್ರ ಒಂದೂ ತಪ್ಪದೆ ಉತ್ತರ ಕೊಡುತ್ತಿತ್ತು.

ಕೊನೆಗೆ ಎತ್ತಿದವನು ಗಿಡ್ಡಯ್ಯ. "ಅಮ್ಮಾ, ತಿರುವಿನಾಗೆ ಎದುರಿಗೇ ನಿಂತಿತ್ತು. ನಾನು ದಾರಿ ಪಕ್ಕದ ಧರೆ ಹತ್ಬುಟ್ಟೆ. ಅವ್ರ ಬೆನ್ನಾಗೆ ಬ್ಯಾಗಿತ್ತು, ಜಾರ್ಬುಟ್ರು..." ಆನೆಯ ಕಾಲಿಗೆ ಸಿಕ್ಕಿ ಧರ್ಮ ಅಲ್ಲೇ ಜೀವ ಬಿಟ್ಟಿದ್ದ.

ಯಾರಿಗೂ ಹೇಳದೆ ಧರ್ಮ ತಾನಾಗಿಯೇ ಹೋದ ಎಂದು ಮ್ಯಾನೇಜರ್ ಪೊಲೀಸರಿಗೆ ಹೇಳಿದರು. ನನಗೂ ಹಾಗೇ ಹೇಳಲು ಒತ್ತಾಯ ಮಾಡಿದರು. ನಾನು ಕಿವಿಯಾರೆ ಕೇಳಿದ್ದನ್ನೇ ಠಾಣೆಯಲ್ಲಿ ಹೇಳಿ ಬಂದೆ. "ಅವನು ನಿನಗೇನಾಗ್ಬೇಕು ಅಂತ ಇಷ್ಟು ಹಟ?" ಎಂದು ಕೂಗಾಡಿದರು. ನಾನು ಎದ್ದು ಹೊರಗೆ ಬಂದೆ. ಈಗ ನನಗೆ ಕೆಲಸವಿಲ್ಲ. ಅದಕ್ಕೇನೂ ಬೇಸರವಿಲ್ಲ ಬಿಡು.

ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು ಕೊಡು. ಅವಳ ಆಯಸ್ಸು ಗಟ್ಟಿಯಾಗಿರಲಿ, ನಿನ್ನ ಮನೆ ತುಂಬಿರಲಿ.

ನಿನ್ನ
ಚಂದ್ರಿಕಾ

ತಾ.ಕ.: ಧರ್ಮನ ಮಣ್ಣಿಗೆ ಅಪ್ಪನ ಜೊತೆ ಹೋಗಿದ್ದೆ. ಅವನ ತಾಯಿ ಹುಲಿಯಮ್ಮ ಇರುವುದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ. ನನ್ನ ಕೈ ಹಿಡಿದುಕೊಂಡು, "ಯುಗಾದಿಗೆ ಒಂದು ಹುಡ್ಗೀನ ಕರ್ಕಂಡ್ ಬತ್ತೀನಿ ಅಂದಿದ್ದ ಕಣವ್ವ. ಯಾರು ಅಂತ ಹೇಳ್ನಿಲ್ಲ. ಆ ಮಗೀಗೆ ಸುದ್ದಿ ಮುಟ್ಟೈತೋ ಇಲ್ವೋ. ಒಟ್ಗೆ ಕೆಲ್ಸ ಮಾಡ್ತಿದ್ರಲ್ಲ, ನಿಂಗೇನಾರ ಗೊತ್ತೇನವ್ವ?" ಎಂದು ಕೇಳಿದರು.

ನಿನಗೂ ಹೇಳಿರಲಿಲ್ಲ ರಶ್ಮಿತಾ, ಆ ಹುಡುಗಿ ನಾನೇ. ಅಪ್ಪ ಆ ಮನೆಯೊಳಗೆ ಕಾಲಿಡದೆ ಬಾಗಿಲಲ್ಲೇ ನಿಂತಿದ್ದರು.

"ಗೊತ್ತಿಲ್ಲಮ್ಮ" ಎಂದೆ.